ಮಹಡಿಯಮ್ಮ ಇನ್ನೂ ಒಳಗೆ ಬಂದಿಲ್ಲ

ಎಲ್ಲಕ್ಕೂ ಮೂಲ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ. ಅದೊಂದು ಇಲ್ಲದಿದ್ದರೆ ನಾಲ್ಕನೇ ಮಹಡಿಯ ಆ ಹೆಂಗಸು ತನ್ನ ಪಾಡಿಗೆ ತಾನು ಇರುತ್ತಿದ್ದಳು, ಅವಳ ಗಂಡ ಅಷ್ಟೊಂದು ಪಾತ್ರೆ ತೊಳೆಯುತ್ತಿರಲಿಲ್ಲ, ಕಾವಲುಗಾರನ ಅನ್ನಕ್ಕೆ ಕಲ್ಲು ಬೀಳುವ ಪ್ರಸಂಗವೂ ಬರುತ್ತಿರಲಿಲ್ಲ.

ಅದು ನಾಲ್ಕು ಮಹಡಿಯ ಹಳೆಯ ಕಟ್ಟಡ. ಲಿಫ್ಟು ಕೆಟ್ಟು ಮೂರು ವರ್ಷ. ಅದರ ಬಾಗಿಲಿಗೆ ‘ರಿಪೇರಿಯಲ್ಲಿದೆ’ ಎಂದು ತೂಗುಹಾಕಿದ್ದ ಬೋರ್ಡಿಗೇ ಈಗ ರಿಪೇರಿ ಬೇಕಾಗಿತ್ತು. ನಮ್ಮ ಕಥೆಯ ಹೆಂಗಸು ಎಲ್ಲಕ್ಕಿಂತ ಮೇಲೆ ಇದ್ದದ್ದರಿಂದ ಕಟ್ಟಡದವರೆಲ್ಲ ಅವಳನ್ನು ಮಹಡಿಯಮ್ಮ ಎಂದೇ ಕರೆಯುತ್ತಿದ್ದರು. ಕಣ್ಣಿನ ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಕೌಂಟರು ಅವಳದು. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಸಂಜೆ ಐದಕ್ಕೆ ಏಳುವ ಕೆಲಸ. ಮನೆಗೆ ಬಂದರೆ ಕೂರಲು ಪುರುಸೊತ್ತಿಲ್ಲದ ಕೆಲಸ.

ಒಂದು ಬೆಳಿಗ್ಗೆ ಎಂಟು ವರ್ಷದ ಮಗ ನೀರಿನ ಬಾಟಲಿ ಮರೆತು ಶಾಲೆಯ ವ್ಯಾನು ಹತ್ತಿದ. ಮಹಡಿಯಮ್ಮ ಬಾಟಲಿ ಹಿಡಿದು ನಾಲ್ಕು ಮಹಡಿ ಓಡಿ ಇಳಿದು ಕೊಟ್ಟಳು. ಇಳಿಯುವುದೇನೋ ಸಲೀಸಾಯಿತು. ಹತ್ತುವಾಗ ಎರಡನೇ ಮಹಡಿಯಲ್ಲಿ ಮೊಣಕಾಲುಗಳು ಇನ್ನು ನಮ್ಮಿಂದಾಗದು ಎಂದುಬಿಟ್ಟವು. ಅವಳು ಮೆಟ್ಟಿಲ ಮೇಲೆ ಕೂತು ದಮ್ಮು ತೆಗೆದುಕೊಳ್ಳುತ್ತಿದ್ದಾಗ ಅಲ್ಲಿನ ಸಂಗೀತದ ಟೀಚರ್ ಬಾಗಿಲು ತೆಗೆದರು. ಟೀಚರ್ ಗಂಟಲಿಗೆ ಇಡೀ ಬೀದಿಯೇ ಶಿಷ್ಯವರ್ಗ. ಐದು ನಿಮಿಷದಲ್ಲಿ ಹದಿನಾಲ್ಕು ಜನ ಸೇರಿದರು. ಒಬ್ಬರು ಗಾಳಿ ಹಾಕಿದರು, ಒಬ್ಬರು ಸಕ್ಕರೆ ನೀರು ತಂದರು, ಮತ್ತೊಬ್ಬರು ಅವಳ ಮೂಗಿಗೆ ಈರುಳ್ಳಿ ಹಿಡಿದರು. ನನಗೇನೂ ಆಗಿಲ್ಲ ಎಂದು ಹೇಳಲು ಅವಳಿಗೆ ಉಸಿರಿರಲಿಲ್ಲ.

ಕಟ್ಟಡದ ಸಂಘದ ಕಾರ್ಯದರ್ಶಿಗಳು ನೆಲಮಹಡಿಯಲ್ಲಿದ್ದರು. ಮೂವತ್ತೈದು ವರ್ಷ ದಾಖಲೆಗಳ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಅವರು ಕೆಳಗೆ ನಿಂತೇ ಕತ್ತೆತ್ತಿ ವರದಿ ಕೇಳಿಕೊಂಡರು. ಮಾರನೇ ದಿನವೇ ಎರಡನೇ ಮಹಡಿಯ ತಿರುವಿನಲ್ಲಿ ಒಂದು ನೀಲಿ ಕುರ್ಚಿ ಬಂದು ಕೂತಿತು. ಬೆನ್ನಿಗೆ ಅಂಟಿಸಿದ ಕಾಗದದಲ್ಲಿ ದುಂಡಗಿನ ಅಕ್ಷರ: ‘ನಾಲ್ಕನೇ ಮಹಡಿಯ ಮಹಿಳೆಯ ಉಪಯೋಗಕ್ಕೆ ಮಾತ್ರ.’ ಕೆಳಗೆ ಸಹಿ, ಮೊಹರು.

ಮೊದಲ ಮೂರು ದಿನ ಮಹಡಿಯಮ್ಮ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ನಾಲ್ಕನೇ ದಿನ ಎರಡೂ ಕೈಯಲ್ಲಿ ತರಕಾರಿ ಚೀಲ ಹೊತ್ತು ಬಂದವಳು ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೂತಳು. ಕುರ್ಚಿ ಬಹಳ ಹಿತವಾಗಿತ್ತು. ಅದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

ಆಸ್ಪತ್ರೆಯಲ್ಲಿ ದಪ್ಪ ಕನ್ನಡಕದ ಹಿರಿಯ ನರ್ಸ್ ಒಬ್ಬರಿದ್ದರು. ಮಹಡಿಯಮ್ಮ ಅವರ ಮುಂದೆ ಗೋಳು ತೋಡಿಕೊಂಡಳು. ಬೆಳಿಗ್ಗೆಯಿಂದ ರಾತ್ರಿಯ ತನಕ ಏನೇನು ತಿಂತೀಯ ಹೇಳು ಎಂದು ನರ್ಸ್ ಕೇಳಿದರು. ಇವಳು ನಿಜ ಹೇಳಿದಳು. ತನ್ನದು ಒಂದೇ ಒಂದು ಬ್ರೆಡ್ಡು. ಆದರೆ ಮಗ ಬಿಟ್ಟ ಅರ್ಧ ಮೊಟ್ಟೆ, ಮಗಳು ಕಿತ್ತಿಟ್ಟ ಬ್ರೆಡ್ಡಿನ ಅಂಚು, ಗಂಡ ಅವಸರದಲ್ಲಿ ಬಿಟ್ಟುಹೋದ ಆಲೂಗಡ್ಡೆ, ಅತ್ತೆಯ ಹಲ್ಲಿಗೆ ಗಟ್ಟಿಯಾದ ಬಿಸ್ಕತ್ತು, ಇವನ್ನೆಲ್ಲ ಚೆಲ್ಲಲು ಮನಸ್ಸು ಬರುವುದಿಲ್ಲ. ನರ್ಸ್ ಕನ್ನಡಕ ತೆಗೆದು ಒರೆಸಿಕೊಂಡರು.

“ನೀನು ನಾಲ್ಕು ಜನರ ತಟ್ಟೆ ತೊಳೀತಿಲ್ಲ, ತಿಂತಿದ್ದೀಯ. ಇವತ್ತಿಂದ ನಿನ್ನ ತಟ್ಟೆಗೆ ನೀನೇ ಬಡಿಸಿಕೊಂಡದ್ದು ಮಾತ್ರ ನಿನ್ನ ಊಟ. ಬೆಳಿಗ್ಗೆ ಎದ್ದು ನಡಿ. ನಿಮ್ಮ ಕಟ್ಟಡಕ್ಕೆ ಎಂಟು ಸುತ್ತು.”

ಮಹಡಿಯಮ್ಮ ಒಪ್ಪಿದಳು. ಆದರೆ ಯಾರಿಗೂ ಗೊತ್ತಾಗಬಾರದು ಎಂದು ತೀರ್ಮಾನಿಸಿದಳು. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ತಾನು ತೆಳ್ಳಗಾಗುವುದಾಗಿ ಊಟದ ಮೇಜಿನ ಮುಂದೆ ಘೋಷಿಸಿದ್ದಳು. ಹನ್ನೆರಡು ವರ್ಷದ ಮಗಳು ಬಣ್ಣದ ಪೆನ್ನಿನಲ್ಲಿ ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ನಾಲ್ಕನೇ ದಿನಕ್ಕೆ ಆ ಪಟ್ಟಿ ಪ್ರಾಣ ಬಿಟ್ಟಿತು. ಈಗ ಅತ್ತೆ ಅದರ ಮೇಲೆ ಹಾಲಿನ ಪ್ಯಾಕೆಟ್ಟಿನ ಲೆಕ್ಕ ಗೀಚುತ್ತಾರೆ. ಮನೆಗೆ ಬಂದವರಿಗೆಲ್ಲ ಗಂಡ ಆ ಪಟ್ಟಿ ತೋರಿಸಿ ನಗುತ್ತಾನೆ. ಈ ಸಲ ಹಾಗಾಗಕೂಡದು. ಕುರ್ಚಿಯ ಮುಂದೆ ನಿಲ್ಲದೆ, ಏದುಸಿರು ಬಿಡದೆ, ಎಲ್ಲರ ಕಣ್ಣೆದುರಿಗೆ ನಾಲ್ಕೂ ಮಹಡಿ ಹತ್ತಿ ತೋರಿಸುವ ದಿನ ಬರುವ ತನಕ ಬಾಯಿಗೆ ಬೀಗ.

ನಡೆಯುವ ದಾರಿಯೂ ಸಿಕ್ಕಿತು. ಮುಂದಿನ ದೊಡ್ಡ ಗೇಟಿನಿಂದ ಹೊರಗೆ ಹೋಗಿ, ರಸ್ತೆಯ ಉದ್ದಕ್ಕೂ ನಡೆದು, ದರ್ಜಿ ಅಂಗಡಿಯ ಮೂಲೆಯಲ್ಲಿ ತಿರುಗಿ, ಗಲ್ಲಿ ಹಿಡಿದು ಹಿಂದಿನ ಚಿಕ್ಕ ಗೇಟಿನಿಂದ ಒಳಗೆ ಬಂದು, ಗಾಡಿಗಳ ನಡುವೆ ನುಸುಳಿ ಮತ್ತೆ ದೊಡ್ಡ ಗೇಟು. ಅದು ಒಂದು ಸುತ್ತು. ಕಸದ ಗಾಡಿಯವಳಿಗಾಗಿ ಚಿಕ್ಕ ಗೇಟನ್ನು ಬೆಳಿಗ್ಗೆ ಐದೂವರೆಯಿಂದ ಏಳರ ತನಕ ತೆರೆದಿಡುತ್ತಿದ್ದರು. ಮನೆಯವರು ಏಳುವುದು ಆರೂವರೆಯ ಮೇಲೆ. ಅಷ್ಟರೊಳಗೆ ಗಂಡನ ಹಳೆಯ ಕ್ಯಾನ್ವಾಸ್ ಶೂಗೆ ಎರಡು ಜೊತೆ ಕಾಲುಚೀಲ ತುಂಬಿ ನಡೆದು ಬಂದರೆ ನರಪಿಳ್ಳೆಗೂ ತಿಳಿಯದು ಎಂದುಕೊಂಡಳು.

ಅವಳು ಲೆಕ್ಕಕ್ಕೆ ತೆಗೆದುಕೊಳ್ಳದೇ ಹೋದದ್ದು ಪೆನ್ನಪ್ಪನನ್ನು.

ಪೆನ್ನಪ್ಪ ದೊಡ್ಡ ಗೇಟಿನ ಕಾವಲುಗಾರ. ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದುದಕ್ಕೆ ಆ ಹೆಸರು. ಎರಡು ತಿಂಗಳ ಹಿಂದೆ ಕಟ್ಟಡದ ನೀರಿನ ಪಂಪು ಕಳುವಾಗಿತ್ತು. ಹಳೆಯ ಕಾವಲುಗಾರ ಹೋಗಿ ಇವನು ಬಂದ. ಜೊತೆಗೆ ಒಂದು ದಪ್ಪ ರಿಜಿಸ್ಟರೂ ಬಂತು. ಯಾರು, ಎಷ್ಟು ಹೊತ್ತಿಗೆ, ಯಾವ ಕೆಲಸಕ್ಕೆ ಹೊರಗೆ ಹೋದರು, ಕೈಯಲ್ಲಿ ಏನಿತ್ತು, ಎಷ್ಟು ಹೊತ್ತಿಗೆ ಒಳಗೆ ಬಂದರು, ಎಲ್ಲಕ್ಕೂ ಒಂದೊಂದು ಕಾಲಂ. ಕಾರ್ಯದರ್ಶಿಗಳು ಅವನಿಗೆ ಒಂದೇ ಪಾಠ ಹೇಳಿಕೊಟ್ಟಿದ್ದರು: ಕಣ್ಣಾರೆ ಕಂಡದ್ದನ್ನು ಮಾತ್ರ ಬರಿ, ಕಾಣದ್ದನ್ನು ಬರೆದೆಯೋ ಕೆಲಸ ಹೋಯಿತು. ಗೇಟಿನ ಪಕ್ಕದ ಪುಟ್ಟ ಕೋಣೆಯಲ್ಲಿ ಹೆಂಡತಿಯೊಂದಿಗೆ ಅವನ ಸಂಸಾರ. ಕೆಲಸ ಹೋದರೆ ಕೋಣೆಯೂ ಹೋಗುತ್ತಿತ್ತು. ಹಾಗಾಗಿ ಆ ಪಾಠವನ್ನು ಅವನು ಎದೆಯ ಮೇಲೆ ಬರೆದುಕೊಂಡಿದ್ದ.

ಮೊದಲ ದಿನ ಮಹಡಿಯಮ್ಮ ಗೇಟು ದಾಟುವಾಗ ಪೆನ್ನಪ್ಪ ಪೆನ್ನು ತೆಗೆದು, ಯಾವ ಕೆಲಸ ಅಮ್ಮಾ ಎಂದು ಕೇಳಿದ. ಅವಳಿಗೆ ನಡೆಯೋಕೆ ಎನ್ನಲು ನಾಲಿಗೆ ಬರಲಿಲ್ಲ. ಹಾಲು ತರೋಕೆ ಎಂದಳು. ಹನ್ನೊಂದು ನಿಮಿಷದ ಮೇಲೆ ಹಿಂದಿನ ಗೇಟಿನಿಂದ ಸುತ್ತಿ ಬಂದು ಮತ್ತೆ ಮುಂದಿನ ಗೇಟಿಗೆ ಬಂದಾಗ ಅವನು ಮತ್ತೆ ಕೇಳಿದ. ಮೊಸರು ಎಂದಳು. ಮೂರನೇ ಸುತ್ತಿಗೆ ಬೆಂಕಿಪೊಟ್ಟಣ. ಪೆನ್ನಪ್ಪ ಮೂರನ್ನೂ ಬರೆದುಕೊಂಡ. ಒಳಗೆ ಬಂದದ್ದನ್ನು ಅವನು ಕಣ್ಣಾರೆ ಕಾಣಲಿಲ್ಲ. ಆ ಕಾಲಂ ಖಾಲಿ ಬಿಟ್ಟ.

ಒಂದು ವಾರ ಮೂರು ಸುತ್ತು, ಆಮೇಲೆ ಐದು, ಆಮೇಲೆ ಎಂಟು. ದಿನಕ್ಕೆ ಎಂಟು ಸುಳ್ಳು ಹುಟ್ಟಿಸುವುದು ಎಂಟು ಸುತ್ತು ನಡೆಯುವುದಕ್ಕಿಂತ ಕಷ್ಟ ಎಂದು ಮಹಡಿಯಮ್ಮನಿಗೆ ಅನುಭವವಾಯಿತು. ಮಗನ ರಬ್ಬರು, ಬಲ್ಬು, ಸೂಜಿ, ಗುಂಡಿ, ದರ್ಜಿ ಅಂಗಡಿ ತೆಗೆದಿದೆಯೋ ನೋಡೋಕೆ, ಮುಚ್ಚಿದೆಯೋ ನೋಡೋಕೆ. ಒಂದು ದಿನ ಸೂಜಿ ಎಂದಾಗ ಪೆನ್ನಪ್ಪನೇ ವಿನಯದಿಂದ, “ಸೂಜಿ ಮೂರನೇ ಸಲಕ್ಕೆ ಆಗಿದೆ ಅಮ್ಮಾ, ದಾರ ಅಂತ ಹಾಕ್ಲಾ?” ಎಂದ. ಹಾಕು ಎಂದು ಅವಳು ನಡೆದಳು.

ಇನ್ನು ತಟ್ಟೆಗಳ ಮಾತು. ಮಿಕ್ಕದ್ದನ್ನು ತಿನ್ನುವಂತಿಲ್ಲ, ಚೆಲ್ಲಲು ಮನಸ್ಸಿಲ್ಲ. ಹಿಂದಿನ ದಿನದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಮೊದಲ ಸುತ್ತಿನಲ್ಲೇ ದರ್ಜಿ ಅಂಗಡಿಯ ಮೂಲೆಯ ನಾಯಿಗೆ ಹಾಕುತ್ತಿದ್ದಳು. ಖಾಲಿ ಚೀಲ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ರಿಜಿಸ್ಟರಿನಲ್ಲಿ ದಿನವೂ ಬಿತ್ತು: ‘ಕೈಯಲ್ಲಿ ತುಂಬಿದ ಚೀಲ ಒಂದು.’ ನಾಯಿ ಮೊದಮೊದಲು ಅವಳ ಹಿಂದೆ ಎಂಟೂ ಸುತ್ತು ಬರುತ್ತಿತ್ತು. ಮೂರು ವಾರದಲ್ಲಿ ಅದು ಎಷ್ಟು ಕೊಬ್ಬಿತೆಂದರೆ ಎರಡನೇ ಸುತ್ತಿಗೇ ಮಲಗಿಬಿಡುತ್ತಿತ್ತು.

ಮಹಡಿಯಮ್ಮನಿಗೆ ಮಾತ್ರ ದಿನದಿನಕ್ಕೆ ಹುರುಪು. ಹನ್ನೊಂದು ನಿಮಿಷದ ಸುತ್ತು ಏಳಕ್ಕೆ ಇಳಿಯಿತು. ಮಧ್ಯಾಹ್ನ ಸೌತೆಕಾಯಿ, ಬೇಯಿಸಿದ ಬೀನ್ಸು, ಒಂದು ಮೊಟ್ಟೆ. ಕುರ್ಚಿಯ ಮುಂದೆ ಇನ್ನೂ ನಿಲ್ಲುತ್ತಿದ್ದಳು, ಆದರೆ ಕೂರುತ್ತಿರಲಿಲ್ಲ. ಇನ್ನು ಹದಿನೈದು ದಿನ ಸಿಕ್ಕಿದರೆ ಸಾಕು, ನಿಲ್ಲದೇ ಹತ್ತುತ್ತೇನೆ ಎಂಬ ಧೈರ್ಯ ಬಂದಿತ್ತು.

ಇಪ್ಪತ್ತಾರನೇ ದಿನ ಕಾರ್ಯದರ್ಶಿಗಳು ರಿಜಿಸ್ಟರು ತಪಾಸಣೆಗೆ ತೆಗೆದುಕೊಂಡರು.

ಮಾರನೇ ದಿನ ಭಾನುವಾರ. ಅವರು ಮಹಡಿಯಮ್ಮನ ಗಂಡನನ್ನು ಕೆಳಗೆ ಕರೆಸಿದರು. ಅಲ್ಲಿ ನಡೆದ ಮಾತುಕತೆ ಅವಳಿಗೆ ತಿಳಿದದ್ದು ಬಹಳ ತಡವಾಗಿ. ಆದರೆ ಕಥೆ ಕೇಳುವವರನ್ನು ಕತ್ತಲಲ್ಲಿಡುವುದು ಅನ್ಯಾಯವಾದ್ದರಿಂದ ಇಲ್ಲಿಯೇ ಹೇಳಿಬಿಡುತ್ತೇವೆ.

ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವನು. ಕಲಿಯುವವರ ಪಕ್ಕ ಕೂತು, ತನ್ನ ಕಾಲಿನ ಕೆಳಗಿರುವ ಎರಡನೇ ಬ್ರೇಕು ಒತ್ತುವುದರಲ್ಲಿ ಹದಿನೈದು ವರ್ಷ ಕಳೆದಿದ್ದ. ಹಾಗಾಗಿ ಎಲ್ಲೇ ಗಾಬರಿಯಾದರೂ ಅವನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಕಾರ್ಯದರ್ಶಿಗಳು ರಿಜಿಸ್ಟರು ಬಿಡಿಸಿ, ಗಂಟಲು ಸರಿಮಾಡಿಕೊಂಡು ಹೇಳಿದರು:

“ಇಪ್ಪತ್ತಾರು ದಿನದಲ್ಲಿ ನಿಮ್ಮ ಮನೆಯವರು ಬೆಳಿಗ್ಗೆ ಹೊತ್ತು ನೂರ ನಲವತ್ತೆಂಟು ಸಲ ಹೊರಗೆ ಹೋಗಿದಾರೆ. ಒಂದು ಸಲಾನೂ ಒಳಗೆ ಬಂದಿಲ್ಲ.”

ಗಂಡ ಬ್ರೇಕು ಒತ್ತಿದ. ಅವಳು ಈಗ ಮೇಲೆ ಬೀನ್ಸು ಬೇಯಿಸುತ್ತಿದ್ದಾಳಲ್ಲ ಎಂದು ಹೇಳಿದ. ಅದು ನಿಮ್ಮ ಖಾಸಗಿ ನಂಬಿಕೆ, ದಾಖಲೆ ಬೇರೆ ಹೇಳುತ್ತೆ ಎಂದರು ಕಾರ್ಯದರ್ಶಿಗಳು. ಹಾಲಿಗೆ ಹೋದವರು ಹಾಲು ತಂದಿಲ್ಲ, ಸೂಜಿಗೆ ಹೋದವರು ಸೂಜಿ ತಂದಿಲ್ಲ. ಅಷ್ಟು ಹೊತ್ತಿಗೆ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಮೇಲಾಗಿ ಇಪ್ಪತ್ತಾರು ತುಂಬಿದ ಚೀಲ ಹೊರಗೆ ಹೋಗಿವೆ, ಒಂದೂ ವಾಪಸ್ಸು ಬಂದಿಲ್ಲ. ಇದರ ಅರ್ಥವನ್ನು ಹೇಳುವುದು ನನ್ನ ಕೆಲಸವಲ್ಲ ಎಂದು ಅವರು ರಿಜಿಸ್ಟರು ಮುಚ್ಚಿದರು.

ಗಂಡ ಮೇಲೆ ಹತ್ತುತ್ತ ಅರ್ಥ ಮಾಡಿಕೊಂಡ. ಎರಡನೇ ಮಹಡಿಗೆ ಬರುವ ಹೊತ್ತಿಗೆ ಅರ್ಥ ಪೂರ್ತಿಯಾಗಿತ್ತು: ಹೆಂಡತಿ ಮನೆಯನ್ನು ಒಂದೊಂದೇ ಚೀಲದಲ್ಲಿ ಸಾಗಿಸುತ್ತಿದ್ದಾಳೆ. ಯಾವತ್ತೋ ಒಂದು ದಿನ ಕೊನೆಯ ಚೀಲದೊಂದಿಗೆ ತಾನೂ ಹೊರಟುಬಿಡುತ್ತಾಳೆ. ಹದಿಮೂರು ವರ್ಷದಲ್ಲಿ ತಾನು ಆಡಿದ ತಮಾಷೆಗಳೆಲ್ಲ ಅವನಿಗೆ ಒಂದೊಂದಾಗಿ ನೆನಪಾದವು. ಫ್ರಿಜ್ಜಿನ ಪಟ್ಟಿ ಎಲ್ಲಕ್ಕಿಂತ ಮುಂದೆ ಬಂದು ನಿಂತಿತು.

ಅಂದು ಸಂಜೆಯೇ ಅವನು ತಾಯಿಯ ಕಿವಿಗೆ ಇದನ್ನು ಹಾಕಿದ. ಅತ್ತೆ ಎದ್ದವರೇ ಪಾತ್ರೆಗಳನ್ನು ಎಣಿಸಿದರು. ಒಂದು ಡಬ್ಬಿಯ ಮುಚ್ಚಳ ಇರಲಿಲ್ಲ. ಅದು ಕಳೆದು ಎರಡು ವರ್ಷವಾಗಿತ್ತು, ಕಳೆದವರೂ ಅತ್ತೆಯೇ. ಆದರೆ ಸಾಕ್ಷಿ ಎಂದಮೇಲೆ ಸಾಕ್ಷಿ.

ಮಹಡಿಯಮ್ಮನಿಗೆ ಇದು ಯಾವುದೂ ಗೊತ್ತಿಲ್ಲ. ಅವಳಿಗೆ ಕಂಡದ್ದು ಇಷ್ಟು: ಸೋಮವಾರ ಬೆಳಿಗ್ಗೆ ಎದ್ದರೆ ಗಂಡ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಾನೆ. ಮಂಗಳವಾರ ಅವನು ದೊಡ್ಡ ಕೇಕು ತಂದ. ಬುಧವಾರ ಕರಿದ ತಿಂಡಿಯ ಪೊಟ್ಟಣ. ಅತ್ತೆ ತಮ್ಮ ಕೈಯಾರೆ ಬೆಣ್ಣೆ ಸುರಿದು ಆಲೂಗಡ್ಡೆ ಹುರಿದರು. ತಿನ್ನಮ್ಮಾ, ಇದು ನಿನ್ನ ಮನೆ ಎಂದು ಮೂರು ಸಲ ಹೇಳಿದರು. ನಾನೇನಾದ್ರೂ ಅಂದಿದ್ರೆ ಮನಸ್ಸಲ್ಲಿ ಇಟ್ಕೋಬೇಡ ಎಂದು ಕಣ್ಣೊರೆಸಿಕೊಂಡರು. ಮಕ್ಕಳಿಗೂ ತಾಕೀತಾಗಿತ್ತು, ತಟ್ಟೆಯಲ್ಲಿ ಒಂದು ಅಗುಳು ಬಿಡದೆ ತಿಂದರು. ದರ್ಜಿ ಅಂಗಡಿಯ ನಾಯಿ ಆ ವಾರ ಖಾಲಿ ಚೀಲದ ಬಾಯಿ ನೋಡಿ ಬಹಳ ಬೇಸರ ಮಾಡಿಕೊಂಡಿತು.

ಹೀಗೆ ಎಲ್ಲರೂ ಸೇರಿ ತುತ್ತಿನ ಮೇಲೆ ತುತ್ತು ತುರುಕುತ್ತಿರುವುದನ್ನು ಕಂಡು ಮಹಡಿಯಮ್ಮ ತನ್ನದೇ ಅರ್ಥ ಮಾಡಿಕೊಂಡಳು: ಗುಟ್ಟು ಹೊರಬಿದ್ದಿದೆ, ಇವರೆಲ್ಲ ಬೇಕೆಂದೇ ನನ್ನ ವ್ರತ ಕೆಡಿಸುತ್ತಿದ್ದಾರೆ. ಹಟ ಇನ್ನಷ್ಟು ಬಿಗಿಯಾಯಿತು. ಕೇಕನ್ನು ಮುಟ್ಟಲಿಲ್ಲ. ಅವಳು ಮುಟ್ಟದ ಕೇಕನ್ನು ನೋಡಿ ಗಂಡ ಇನ್ನಷ್ಟು ಕಂಗಾಲಾದ.

ಶುಕ್ರವಾರ ಆಸ್ಪತ್ರೆಯ ಕೌಂಟರಿನಲ್ಲಿ ಅವಳು ನಲವತ್ತೇಳನೇ ನಂಬರು ಕೂಗಿದಾಗ ಎದ್ದು ಬಂದದ್ದು ಅವಳ ನಾದಿನಿ, ಗಂಡನ ತಂಗಿ. ಎರಡು ಗಂಟೆ ಬಸ್ಸಿನಲ್ಲಿ ಬಂದು, ಟೋಕನ್ ತೆಗೆದುಕೊಂಡು, ಒಂದು ಗಂಟೆ ಸರದಿಯಲ್ಲಿ ಕೂತಿದ್ದಳು. ಯಾವ ಕಣ್ಣು ತೊಂದರೆ ಎಂದು ಮಹಡಿಯಮ್ಮ ಅಭ್ಯಾಸಬಲದಿಂದ ಕೇಳಿದಳು. ನಾದಿನಿ ಗಾಜಿನ ತೂತಿಗೆ ಬಾಯಿ ಇಟ್ಟು ಪಿಸುಗುಟ್ಟಿದಳು.

“ಅತ್ತಿಗೆ, ನಂಗೆ ಎಲ್ಲ ಗೊತ್ತಾಗಿದೆ. ಅಣ್ಣ ಫೋನ್ ಮಾಡಿ ಅತ್ತುಬಿಟ್ಟ.”

“ಅಳೋವಂಥದ್ದು ಏನಿದೆ ಇದರಲ್ಲಿ?” ಮಹಡಿಯಮ್ಮನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ನಂಗೋಸ್ಕರ ನಾನು ಒಂದು ಕೆಲಸ ಮಾಡ್ಕೋಬಾರ್ದಾ? ಹದಿಮೂರು ವರ್ಷ ಎಲ್ಲರ ತಟ್ಟೆ ನೋಡ್ಕೊಂಡೆ. ಸಾಕಾಯ್ತು.”

ನಾದಿನಿ ಎದೆ ಹಿಡಿದುಕೊಂಡಳು. “ಮಕ್ಕಳ ಮುಖ ನೋಡಿ ಅತ್ತಿಗೆ.”

“ಅವರಿಗೂ ಕಲಿಸ್ತೀನಿ. ಸ್ವಲ್ಪ ದೊಡ್ಡೋರಾದ್ಮೇಲೆ ನನ್ನ ಜೊತೇನೆ ಕರ್ಕೊಂಡು ಹೋಗ್ತೀನಿ. ಇನ್ನು ಹತ್ತು ದಿನ ತಡಕೊಳ್ಳಿ, ಎಲ್ಲರ ಎದುರಿಗೇ ಮಾಡಿ ತೋರಿಸ್ತೀನಿ.”

ಇನ್ನು ಹತ್ತು ದಿನ! ದಿನವೂ ಗೊತ್ತಾಗಿಹೋಗಿದೆ. ನಾದಿನಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಹಿಂದಿನ ನಲವತ್ತೆಂಟನೇ ನಂಬರಿನ ಮುದುಕ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಕಣ್ಣಿಗೆ ಅಷ್ಟು ಕೆಟ್ಟದಾಗಿ ಏನು ಹೇಳಿದರಮ್ಮಾ ಎಂದು ಮರುಗಿದ. ಅವಳು ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿ, ಮಕ್ಕಳನ್ನೂ ಕರ್ಕೊಂಡು ಹೋಗೋದು ಗಟ್ಟಿಯಂತೆ ಎಂದಳು. ಅಂದು ಡ್ರೈವಿಂಗ್ ಶಾಲೆಯ ಕಾರು ನಡುರಸ್ತೆಯಲ್ಲಿ ಹನ್ನೊಂದು ಸಲ ಗಕ್ಕನೆ ನಿಂತಿತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಟ್ಟಡದ ಸಂಘದ ಸಭೆ, ಗಾಡಿ ನಿಲ್ಲಿಸುವ ಜಾಗದಲ್ಲಿ. ವಿಷಯ ಏನೆಂದು ನೋಟೀಸಿನಲ್ಲಿ ಇರಲಿಲ್ಲ. ಮಹಡಿಯಮ್ಮ ಕೊನೆಯ ಸಾಲಿನಲ್ಲಿ, ಅತ್ತೆ ಮತ್ತು ನಾದಿನಿಯ ನಡುವೆ ಕೂತಳು. ಇಬ್ಬರೂ ಅವಳ ಒಂದೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮುಂದೆ ಮೇಜಿನ ಪಕ್ಕ ಪೆನ್ನಪ್ಪ ನಿಂತಿದ್ದ. ಅವನ ಕಿವಿಯ ಹಿಂದೆ ಪೆನ್ನು ಇರಲಿಲ್ಲ. ಅವನ ಹೆಂಡತಿ ಕೋಣೆಯ ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡಿದ್ದಳು.

ಕಾರ್ಯದರ್ಶಿಗಳು ರಿಜಿಸ್ಟರು ಎತ್ತಿ ಹಿಡಿದು ವಿಷಯ ಮಂಡಿಸಿದರು. ಈ ಪುಸ್ತಕದ ಪ್ರಕಾರ ಕಟ್ಟಡದ ಒಬ್ಬ ಮಹಿಳೆ ಇವತ್ತಿಗೆ ಇನ್ನೂರ ನಾಲ್ಕು ಸಲ ಹೊರಗೆ ಹೋಗಿದ್ದಾರೆ, ಒಳಗೆ ಬಂದಿಲ್ಲ. ತಾವು ಖುದ್ದಾಗಿ ಆ ಮನೆಯ ಯಜಮಾನರನ್ನು ವಿಚಾರಿಸಿದ್ದಾಗಿಯೂ, ನಿನ್ನೆ ಅವರು ಲಿಖಿತ ಹೇಳಿಕೆ ಕೊಟ್ಟಿದ್ದಾಗಿಯೂ ಹೇಳಿ ಓದಿದರು: ‘ನನ್ನ ಪತ್ನಿ ಬೆಳಗಿನ ಹೊತ್ತು ಎಲ್ಲಿಗೂ ಹೋಗುವುದಿಲ್ಲ. ಯಾವ ಚೀಲವೂ ಹೊರಗೆ ಹೋಗಿಲ್ಲ. ನಮ್ಮ ಮನೆಯಲ್ಲಿ ಎಲ್ಲರೂ ಸಂತೋಷವಾಗಿದ್ದೇವೆ.’ ಮನೆಯ ಮಾನ ಮುಚ್ಚಲು ಪಾಪ ಗಂಡ ಅಷ್ಟು ಬರೆದುಕೊಟ್ಟಿದ್ದ. ಆದ್ದರಿಂದ ಕಾವಲುಗಾರ ಕುಡಿದೋ ನಿದ್ದೆಗಣ್ಣಿನಲ್ಲೋ ಇನ್ನೂರ ನಾಲ್ಕು ಸುಳ್ಳು ಬರೆದಿದ್ದಾನೆ ಎಂಬುದು ಸಾಬೀತಾಗಿದೆ, ಇಂದೇ ಕೋಣೆ ಖಾಲಿ ಮಾಡತಕ್ಕದ್ದು ಎಂದರು.

ಪೆನ್ನಪ್ಪ ಕೈಮುಗಿದ. “ಸಾರ್, ಕಂಡದ್ದನ್ನೇ ಬರೆದಿದ್ದೀನಿ. ಒಳಗೆ ಬಂದದ್ದು ಕಾಣ್ಲಿಲ್ಲ, ಅದಕ್ಕೆ ಬರೀಲಿಲ್ಲ.” ಅಷ್ಟು ಹೇಳಿ ಅವನು ಮಹಡಿಯಮ್ಮನ ಕಡೆಗೆ ಒಂದು ಸಲ ನೋಡಿ ತಲೆ ತಗ್ಗಿಸಿದ. ಅವಳ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ.

ಮಹಡಿಯಮ್ಮನ ಕಿವಿ ಬಿಸಿಯಾಯಿತು. ಈಗ ಎದ್ದು ನಿಂತರೆ ಇಡೀ ಕಟ್ಟಡ ನಗುತ್ತದೆ. ಫ್ರಿಜ್ಜಿನ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕಥೆ ಅಂಟಿಕೊಳ್ಳುತ್ತದೆ. ಇನ್ನು ಎಂಟೇ ದಿನ ಬೇಕಾಗಿತ್ತು ಅವಳಿಗೆ. ಆದರೆ ಕೋಣೆಯ ಬಾಗಿಲಲ್ಲಿ ಆ ಹೆಂಗಸು ಆಗಲೇ ಹಾಸಿಗೆ ಸುತ್ತಲು ಒಳಗೆ ತಿರುಗಿದ್ದಳು. ಮಹಡಿಯಮ್ಮ ಎರಡೂ ಕೈ ಬಿಡಿಸಿಕೊಂಡು ಎದ್ದಳು.

“ಆ ಪುಸ್ತಕದಲ್ಲಿ ಅವನು ಒಂದಕ್ಷರ ಸುಳ್ಳು ಬರೆದಿಲ್ಲ. ಸುಳ್ಳು ಹೇಳಿದ್ದು ನಾನು. ಹಾಲಿಗೂ ಹೋಗಿಲ್ಲ, ಸೂಜಿಗೂ ಹೋಗಿಲ್ಲ. ಮೈ ಇಳಿಸೋಕೆ ನಡೀತಿದ್ದೆ. ದಿನಾ ಎಂಟು ಸುತ್ತು. ಮುಂದಿನ ಗೇಟಲ್ಲಿ ಹೋಗಿ ಹಿಂದಿನ ಗೇಟಲ್ಲಿ ಬರ್ತಿದ್ದೆ.”

ಸಭೆ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಹಿಂದಿನ ಗೇಟು ತೆರೆದಿರುವುದಕ್ಕೆ ಸಾಧ್ಯವೇ ಇಲ್ಲ, ಯಾರ ಅಪ್ಪಣೆ ಎಂದು ಕಾರ್ಯದರ್ಶಿಗಳು ಗುಡುಗಿದರು. ಕಸದ ಗಾಡಿಯವಳು ಹೋಗಿ ಗೇಟಿಗೆ ಅಂಟಿಸಿದ್ದ ನೋಟೀಸನ್ನೇ ಕಿತ್ತು ತಂದಳು. ‘ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ತೆರೆದಿಡತಕ್ಕದ್ದು.’ ಕೆಳಗೆ ದುಂಡಗಿನ ಸಹಿ, ಮೊಹರು. ಕಾರ್ಯದರ್ಶಿಗಳು ಸಹಿಯನ್ನು ಬಹಳ ಹೊತ್ತು ಪರಿಶೀಲಿಸಿ, ಅಸಲಿ ಎಂದು ಒಪ್ಪಿದರು.

ಆದರೂ ಅವರು ಬಿಡುವವರಲ್ಲ. ಎರಡನೇ ಮಹಡಿಯಲ್ಲಿ ಕುರ್ಚಿ ಹಾಕಿಸಿಕೊಂಡವರು ದಿನಕ್ಕೆ ಎಂಟು ಸುತ್ತು ನಡೆದರು ಎನ್ನುವುದನ್ನು ನಾನು ಹೇಗೆ ದಾಖಲಿಸಲಿ ಎಂದು ಕೇಳಿದರು. ನಿಮ್ಮ ಪುಸ್ತಕದಲ್ಲಿ ಟೈಮು ನೋಡಿ ಎಂದಳು ಮಹಡಿಯಮ್ಮ. ಮೊದಲ ದಿನ ಒಂದು ಸಾಲಿಗೂ ಇನ್ನೊಂದಕ್ಕೂ ಹನ್ನೊಂದು ನಿಮಿಷ, ಇವತ್ತು ಬೆಳಿಗ್ಗೆ ಏಳು. ಪೆನ್ನಪ್ಪ ಅಷ್ಟನ್ನೂ ನಿಮಿಷ ಬಿಡದೆ ಬರೆದಿದ್ದ. ಸಂಗೀತದ ಟೀಚರ್ ಅದನ್ನು ಎಲ್ಲರಿಗೂ ಕೇಳುವಂತೆ ಓದಿ ಹೇಳಿದರು. ಕಾರ್ಯದರ್ಶಿಗಳು, ಪ್ರತ್ಯಕ್ಷ ಪರಿಶೀಲನೆ ಆಗಲೇಬೇಕು, ಹತ್ತಿ ತೋರಿಸಿ ಎಂದು ರಿಜಿಸ್ಟರು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದರು.

ಎಂಟು ದಿನ ಮುಂಚೆಯೇ ಪರೀಕ್ಷೆ ಬಂದುಬಿಟ್ಟಿತ್ತು. ಮಹಡಿಯಮ್ಮ ಹತ್ತತೊಡಗಿದಳು. ಹಿಂದೆ ಕಾರ್ಯದರ್ಶಿಗಳು, ಅವರ ಹಿಂದೆ ಗಂಡ, ನಾದಿನಿ, ಮಕ್ಕಳು, ಟೀಚರ್, ಇಡೀ ಕಟ್ಟಡ. ಮೊದಲ ಮಹಡಿ ಆಯಿತು. ಎರಡನೆಯದು ಬಂತು. ನೀಲಿ ಕುರ್ಚಿ ತನ್ನ ಜಾಗದಲ್ಲಿ ತೋಳು ಚಾಚಿಕೊಂಡು ಕಾದಿತ್ತು. ಅವಳ ಎದೆ ಹೊಡೆದುಕೊಳ್ಳುತ್ತಿತ್ತು, ಕಾಲು ಭಾರವಾಗಿತ್ತು. ಅವಳು ಅದರ ಕಡೆ ನೋಡಲಿಲ್ಲ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಕುರ್ಚಿ ಹಿಂದಾಯಿತು.

ಆಗ ಬೆನ್ನ ಹಿಂದೆ ಪ್ಲಾಸ್ಟಿಕ್ಕು ಕಿರ್ ಎಂದಿತು. ಎಲ್ಲರೂ ತಿರುಗಿ ನೋಡಿದರು. ಲಿಫ್ಟು ಕೆಟ್ಟ ಮೇಲೆ ಮೂರು ವರ್ಷದಲ್ಲಿ ಮೊದಲ ಸಲ ಮೆಟ್ಟಿಲು ಹತ್ತಿದ ಕಾರ್ಯದರ್ಶಿಗಳು, ರಿಜಿಸ್ಟರನ್ನು ಮಡಿಲಲ್ಲಿಟ್ಟುಕೊಂಡು, ನಾಲ್ಕನೇ ಮಹಡಿಯ ಮಹಿಳೆಯ ಉಪಯೋಗಕ್ಕೆ ಮಾತ್ರ ಇದ್ದ ಕುರ್ಚಿಯಲ್ಲಿ ಕೂತಿದ್ದರು. ಟೀಚರ್ ಸಕ್ಕರೆ ನೀರಿಗೆ ಓಡಿದರು. ಯಾರೋ ಈರುಳ್ಳಿಗೂ ಹೋದರು. ಕಾರ್ಯದರ್ಶಿಗಳು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಮುಂದುವರಿಸಿ ಎಂದು ಕೈಸನ್ನೆ ಮಾಡಿದರು.

ಮಹಡಿಯಮ್ಮ ನಾಲ್ಕನೇ ಮಹಡಿಯ ತನ್ನ ಬಾಗಿಲಿಗೆ ಬಂದು ನಿಂತಳು. ಏದುಸಿರಿತ್ತು, ಆದರೆ ಕಾಲು ಗಟ್ಟಿಯಾಗಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಡ ಕಂಬಿ ಹಿಡಿದುಕೊಂಡು ಕೊನೆಯ ಮೆಟ್ಟಿಲಲ್ಲಿ ತಡೆದು ನಿಂತು ಕೇಳಿದ:

“ಹಾಗಾದ್ರೆ ನೀನು ನಮ್ಮನ್ನ ಬಿಟ್ಟು ಹೋಗ್ತಿಲ್ವಾ?”

ಅವಳಿಗೆ ಆಗ ಎಲ್ಲ ಒಮ್ಮೆಗೇ ಹೊಳೆಯಿತು. ಪಾತ್ರೆ, ಕೇಕು, ಬೆಣ್ಣೆಯ ಆಲೂಗಡ್ಡೆ, ನಲವತ್ತೇಳನೇ ನಂಬರು. “ಬಿಟ್ಟು ಹೋಗೋಳು ದಿನಾ ಎಂಟು ಸಲ ವಾಪಸ್ ಯಾಕೆ ಬರ್ತೀನಿ ರೀ?” ಎಂದಳು. ಗಂಡ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಮಕ್ಕಳ ಮುಂದೆ, ಕಟ್ಟಡದವರ ಮುಂದೆ, ಮುಖ ಮುಚ್ಚಿಕೊಂಡು ನಕ್ಕ. ನಗುವಾಗ ಕಣ್ಣಲ್ಲಿ ನೀರು ಬಂತು. ಎಂಟು ದಿನದಿಂದ ಒತ್ತಿ ಹಿಡಿದಿದ್ದ ಬ್ರೇಕಿನಿಂದ ಅವನ ಕಾಲು ಅಂತೂ ಎದ್ದಿತು. ಒಳಗೆ ಹೋಗಿ ಅವನು ಮಾಡಿದ ಮೊದಲ ಕೆಲಸವೆಂದರೆ ಫ್ರಿಜ್ಜಿನ ಪಟ್ಟಿ ಹರಿದದ್ದು. ನನ್ನ ಹಾಲಿನ ಲೆಕ್ಕ ಹೋಯಿತಲ್ಲೋ ಎಂದು ಅತ್ತೆ ಬೈದರು.

ಪೆನ್ನಪ್ಪನ ಕೋ‌ಣೆ ಅವನಿಗೇ ಉಳಿಯಿತು. ಅವನ ಹೆಂಡತಿ ಸುತ್ತಿದ್ದ ಹಾಸಿಗೆ ಬಿಚ್ಚಿದಳು. ಉಳಿದದ್ದು ರಿಜಿಸ್ಟರಿನ ಸಮಸ್ಯೆ ಒಂದೇ. ಇನ್ನೂರ ನಾಲ್ಕು ಖಾಲಿ ಜಾಗಗಳನ್ನು ಹಾಗೇ ಬಿಟ್ಟು ತಾನು ಕಣ್ಣು ಮುಚ್ಚಲಾರೆ ಎಂದರು ಕಾರ್ಯದರ್ಶಿಗಳು. ಕಾಣದ್ದನ್ನು ಬರೆಯಲಾರೆ ಎಂದ ಪೆನ್ನಪ್ಪ. ಕೊನೆಗೆ ಮಹಡಿಯಮ್ಮನೇ ದಾರಿ ತೋರಿಸಿದಳು: ನಾಳೆಯಿಂದ ಸುತ್ತು ತಿರುಗಿಸುತ್ತೇನೆ. ಹಿಂದಿನ ಗೇಟಿನಿಂದ ಹೊರಗೆ, ಮುಂದಿನ ಗೇಟಿನಿಂದ ಒಳಗೆ.

ಹಾಗೆಯೇ ನಡೆಯಿತು. ದಿನಕ್ಕೆ ಎಂಟು ಸಲ ಅವಳು ಒಳಗೆ ಬಂದಳು. ಪ್ರತಿ ಸಲವೂ ಪೆನ್ನಪ್ಪ ಕಣ್ಣಾರೆ ಕಂಡು ಬರೆದ. ಮೂರನೇ ದಿನದಿಂದ ಗಂಡನೂ ಜೊತೆಗೆ ಬರತೊಡಗಿದ. ಇದೆಲ್ಲ ನಿನ್ನ ಆರೋಗ್ಯಕ್ಕೆ ಎಂದು ಹೇಳಿಕೊಂಡು ಬಂದು ನಾಯಿಯಂತೆಯೇ ಎರಡನೇ ಸುತ್ತಿಗೆ ದರ್ಜಿ ಅಂಗಡಿಯ ಕಟ್ಟೆಯಲ್ಲಿ ಕೂತುಬಿಡುತ್ತಿದ್ದ.

ಇಪ್ಪತ್ತಾರನೇ ದಿನ, ನಾಲ್ಕನೇ ಸುತ್ತು. ಕಾರ್ಯದರ್ಶಿಗಳು ಗೇಟಿನ ಹತ್ತಿರ ಮೊಹರು ಹಿಡಿದು ನಿಂತಿದ್ದರು. ಗಂಡ ಆ ದಿನ ಮಾತ್ರ ಕಟ್ಟೆಯಲ್ಲಿ ಕೂರದೆ, ಅವಳಿಗಿಂತ ಮೊದಲೇ ಬಂದು ಒಳಗಡೆ ನಿಂತಿದ್ದ. ಮಹಡಿಯಮ್ಮ ಬೆವರೊರೆಸಿಕೊಂಡು ಗೇಟು ದಾಟಿದಳು. ಪೆನ್ನಪ್ಪ ಗಡಿಯಾರ ನೋಡಿ ಕೊನೆಯ ಖಾಲಿ ಜಾಗ ತುಂಬಿದ.

“ಯಾವ ಕೆಲಸ ಅಂತ ಹಾಕ್ಲಿ ಅಮ್ಮಾ?”

“ಮನೆಗೆ ಬಂದೆ ಅಂತ ಹಾಕಪ್ಪ,” ಎಂದು ಅವಳು ಇನ್ನೂ ನಾಲ್ಕು ಸುತ್ತು ಬಾಕಿಯಿದೆಯೆಂದು ಹಿಂದಿನ ಗೇಟಿನ ಕಡೆಗೆ ನಡೆದಳು. ಕಾರ್ಯದರ್ಶಿಗಳು ಮೊಹರು ಒತ್ತಿದರು. ಗಂಡ ಪುಸ್ತಕದೊಳಗೆ ಇಣುಕಿ ಆ ಸಾಲನ್ನು ಎರಡು ಸಲ ಓದಿಕೊಂಡು, ಅವಳ ಹಿಂದೆ ಓಡಿದ.